ಕುಯ್ಯದಿದ್ದರೆ ಅಪಾಯ ಕಡಿಮೆಯೇ?

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

74 ವರ್ಷದ ನಿವೃತ್ತ ಮೇಷ್ಟ್ರು. ಜೊತೆಗೆ ಮಗಳು. ಐದು ದಿನದ ಹಿಂದೆ ಪೇಪರ್ ಓದುವಾಗ ಎಡಗಣ್ಣಿಗೆ ಪರದೆ ಇಳಿದ ಹಾಗೆ ಕತ್ತಲಾಗಿ, ಐದು ನಿಮಿಷಕ್ಕೆ ಸರಿಹೋಗಿತ್ತು. ಸ್ಕ್ಯಾನ್‌ನಲ್ಲಿ, ಮಿದುಳಿಗೆ ರಕ್ತ ಒಯ್ಯುವ ಎಡಗಡೆಯ ಕತ್ತಿನ ರಕ್ತನಾಳ ಶೇ. 80ರಷ್ಟು ಕಟ್ಟಿಕೊಂಡಿತ್ತು. ಕಣ್ಣು ಕತ್ತಲಾದದ್ದು ಸ್ಟ್ರೋಕಿನ ಮುನ್ಸೂಚನೆ.

"ಸ್ಟೆಂಟ್ ಹಾಕಿಸ್ಕೊಂಡುಬಿಡ್ತೀನಿ. ಕತ್ತು ಕುಯ್ಯೋದು ಬೇಡ" ಅಂದರು. ಸ್ಟೆಂಟ್ ಅಂದರೆ ತೊಡೆಯ ನಾಳದಿಂದ ತಂತಿ ತೂರಿಸಿ, ಕಟ್ಟಿದ ಜಾಗವನ್ನು ಅಗಲವಾಗಿಡಲು ಕೂರಿಸುವ ಜಾಲರಿ ಕೊಳವೆ. ಆಪರೇಷನ್ ಅಂದರೆ ಕತ್ತು ಕುಯ್ದು ನಾಳದೊಳಗಿನ ಕಟ್ಟನ್ನು ತೆಗೆಯುವುದು. ಮಾತಾಡುವಾಗೆಲ್ಲ ಎರಡು ಬೆರಳು ಕತ್ತಿನ ಎಡಗಡೆಗೇ ಹೋಗುತ್ತಿತ್ತು. ಮಗಳು ಕೈ ಕೆಳಗಿಳಿಸಿದರೆ ಮತ್ತೆ ಅಲ್ಲಿಗೇ.

ಭಯ ಚಾಕುವಿನದ್ದು, ಸ್ಟ್ರೋಕಿನದ್ದಲ್ಲ ಅಂತ ನನಗೆ ಅನಿಸಿತು. ಹಾಗಾಗಿ ಅಂಕಿಯನ್ನೇ ಮುಂದಿಟ್ಟೆ. ಇವೆರಡನ್ನೂ ಹೋಲಿಸಿ 2010ರಲ್ಲಿ ಪ್ರಕಟವಾದ ಕ್ರೆಸ್ಟ್ ಅಧ್ಯಯನದಲ್ಲಿ 2,502 ಜನರಿದ್ದರು. ಚಿಕಿತ್ಸೆಯ ಆಸುಪಾಸಿನಲ್ಲಿ ಸ್ಟ್ರೋಕ್ ಆದದ್ದು ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಶೇ. 4.1, ಆಪರೇಷನ್ ಆದವರಲ್ಲಿ ಶೇ. 2.3. ಹಾರ್ಟ್ ಅಟ್ಯಾಕ್ ಮಾತ್ರ ಉಲ್ಟಾ: 1.1 ಮತ್ತು 2.3. ವಯಸ್ಸು 70 ದಾಟಿದಷ್ಟೂ ತಕ್ಕಡಿ ಆಪರೇಷನ್ ಕಡೆಗೆ ವಾಲಿತ್ತು.

"ಬರೀ ತಂತಿ ತಾನೇ ಹೋಗೋದು?" ಅಂದರು. ಆ ತಂತಿ ಹೃದಯದಿಂದ ಹೊರಡುವ ದೊಡ್ಡ ನಾಳದ ತಿರುವು ದಾಟಬೇಕು. ವಯಸ್ಸಾದವರಲ್ಲಿ ಅದು ಸುತ್ತಿಕೊಂಡು ಗಡುಸಾಗಿರುವುದು ಜಾಸ್ತಿ. ಅಲ್ಲಿಂದ ಕಳಚಿದ ಚೂರು ಮಿದುಳಿಗೆ ಹೋಗಬಹುದು. ಚೂರು ಹಿಡಿಯಲು ಕತ್ತಿನಲ್ಲಿ ಫಿಲ್ಟರ್ ಇಡುತ್ತಾರೆ ನಿಜ, ಆದರೆ ಅದು ಕೂರುವ ಮೊದಲೇ ತಂತಿ ಈ ದಾರಿ ದಾಟಿರುತ್ತದಲ್ವಾ?

ಆಪರೇಷನ್ನೂ ಪುಕ್ಕಟೆಯಲ್ಲ. ಕತ್ತಿನ ನರಕ್ಕೆ ಪೆಟ್ಟಾಗಿ ದನಿ ಒಡೆಯಬಹುದು, ನುಂಗಲು ಕಷ್ಟವಾಗಬಹುದು. ಹೆಚ್ಚಿನವರಿಗೆ ತಾನಾಗಿ ಸರಿಹೋಗುತ್ತದೆ.

ಯಾವುದು ಮಾಡಿಸಿ ಅಂತ ನಾನು ಹೇಳಲಿಲ್ಲ, ಅದು ನನ್ನ ಕೆಲಸವಲ್ಲ. ಡಾಕ್ಟರ್ ಹತ್ರ ಕೇಳಲು ಪ್ರಶ್ನೆ ಬರೆಸಿದೆ: ನಾಳದ ತಿರುವು ಹೇಗಿದೆ? ನನ್ನ ಹೃದಯ ಆಪರೇಷನ್ ತಡೆಯುತ್ತಾ? ನೀವು ಇಂಥವು ಎಷ್ಟು ಮಾಡಿದ್ದೀರಿ, ಎಷ್ಟು ಜನಕ್ಕೆ ಸ್ಟ್ರೋಕ್ ಆಯಿತು? ಕೊನೆಯದನ್ನು ಕೇಳಲು ಮೇಷ್ಟ್ರಿಗೆ ಮುಜುಗರ. "ನಾನು ಕೇಳ್ತೀನಿ ಅಪ್ಪ" ಅಂದರು ಮಗಳು.

ಸ್ಟೆಂಟ್ ಆದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳಾದ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡನ್ನೂ ಕನಿಷ್ಠ ನಾಲ್ಕು ವಾರ ಬಿಡಬಾರದು. ಯಾವುದೇ ಮಾಡಿಸಿದರೂ, ಮನೆಗೆ ಬಂದ ಮೇಲೆ ಜೋರು ತಲೆನೋವು ಬಂದರೆ ಸುಮ್ನೆ ಮಲಗದೆ ಆಸ್ಪತ್ರೆಗೆ ಓಡಬೇಕು. ಬಿಪಿ ಏರಿ, ತಡೆದಿದ್ದ ರಕ್ತ ಮಿದುಳಿಗೆ ಒಮ್ಮೆಲೇ ನುಗ್ಗಿರಬಹುದು. ಇನ್ನೊಂದನ್ನು ಒತ್ತಿ ಹೇಳಿದೆ: ಲಕ್ಷಣ ಕಂಡ ಎರಡು ವಾರದೊಳಗೆ ಮಾಡಿಸಿದರೆ ಲಾಭ ಹೆಚ್ಚು. ಐದು ದಿನ ಆಗಲೇ ಹೋಗಿದೆ.

ನಾಳದ ತಿರುವು ಕೆಟ್ಟದಾಗಿತ್ತಂತೆ. ಮೇಷ್ಟ್ರು ಆಪರೇಷನ್ ಆರಿಸಿಕೊಂಡರು. ಮೂರು ವಾರ ಬಿಟ್ಟು ಫೋನ್ ಬಂತು. ದನಿ ಬಿರುಕು ಬಿಟ್ಟ ಹಾಗಿತ್ತು.

"ನೀವು ಹೇಳಿದ್ದೇ ಆಯ್ತು ನೋಡಿ" ಅಂತ ಕೆಮ್ಮಿ ನಕ್ಕರು. "ಪೇಪರ್ ಮಾತ್ರ ಎರಡು ಕಣ್ಣಲ್ಲೂ ಓದ್ತಿದೀನಿ."