ಇಳಿಜಾರಿನ ಮಣ್ಣು ಉಳಿಸಿದರೆ ದುಡ್ಡು ವಾಪಸ್ ಬರುತ್ತದಾ?

ಪ್ರಶ್ನೆ: ನಮ್ಮದು ಮೂರು ಎಕರೆ ಇಳಿಜಾರು ಜಾಗ. ಒಂದು ಎಕರೆ ಶುಂಠಿಗೆ ಗುತ್ತಿಗೆ ಕೊಟ್ಟಿದ್ದೇವೆ. ಮಳೆ ಬಂದರೆ ಹಳ್ಳ ಕೆಂಪಗೆ ಹರಿಯುತ್ತದೆ. ಜೆಸಿಬಿ ತರಿಸಿ ಮೆಟ್ಟಿಲು ಕಡಿಸಿ ಅನ್ನುತ್ತಾರೆ. ಹಾಕಿದ ದುಡ್ಡು ಹುಟ್ಟುತ್ತದಾ?
– ಓದುಗರು, ಸಕಲೇಶಪುರ ತಾಲ್ಲೂಕು

ಉತ್ತರ: ಜೆಸಿಬಿಗೆ ಈಗಲೇ ಫೋನ್ ಮಾಡಬೇಡಿ. ಮೊದಲು ಹೋಗುತ್ತಿರುವ ಮಣ್ಣಿನ ಬೆಲೆ ನೋಡೋಣ.

ಒಂದು ಎಕರೆಯಲ್ಲಿ ಬರೀ ಒಂದು ಮಿಲಿಮೀಟರ್ ಮಣ್ಣು ಕೊಚ್ಚಿಹೋದರೆ ಅದು ಸುಮಾರು 5 ಟನ್. ಆ ಮಣ್ಣಿನಲ್ಲಿ ಸಾರಜನಕ ಶೇ. 0.2 ಇದ್ದರೆ 10 ಕೆಜಿ ಸಾರಜನಕ ಹೋಯಿತು, ಅಂದರೆ ಅರ್ಧ ಚೀಲ ಯೂರಿಯಾದಲ್ಲಿ ಇರುವಷ್ಟು. ಸಬ್ಸಿಡಿಯಲ್ಲಿ 45 ಕೆಜಿ ಚೀಲ 270 ರೂಪಾಯಿಯೊಳಗೆ ಸಿಗುವಾಗ ಇದು ಯಾರಿಗೂ ನಷ್ಟ ಅನ್ನಿಸುವುದೇ ಇಲ್ಲ. ಅಗ್ಗದ ಗೊಬ್ಬರ ಮಣ್ಣಿನ ಬೆಲೆಯನ್ನೇ ಮುಚ್ಚಿಬಿಟ್ಟಿದೆ ಅನ್ನುವುದು ನನ್ನ ದೊಡ್ಡ ಸಂಕಟ. ನೀರು ಹಿಡಿದುಕೊಳ್ಳುವ ಕಪ್ಪು ಮೇಲ್ಮಣ್ಣು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಗೊಬ್ಬರ ಜಾಸ್ತಿ ಮಾಡಿಕೊಂಡು ಇಳುವರಿ ಎಳೆದುಕೊಂಡು ಹೋಗುವವರೆಗೂ ಈ ನಷ್ಟ ಲೆಕ್ಕಕ್ಕೆ ಬರುವುದಿಲ್ಲ, ಆಮೇಲೊಂದು ಮಾರ್ಚ್‌ನಲ್ಲಿ ಪಕ್ಕದವರ ಗಿಡ ಹಸಿರಾಗಿದ್ದು ನಮ್ಮದು ಬಾಡಿದಾಗ ಗೊತ್ತಾಗುತ್ತದೆ.

ಹಾಗಂತ ಮೆಟ್ಟಿಲೇ ಪರಿಹಾರವಾ? ನೂರು ಅಡಿಗೆ 25 ಅಡಿ ಇಳಿಯುವ ಜಾಗದಲ್ಲಿ ಮೆಟ್ಟಿಲಿನ ಮುಖವನ್ನು 45 ಡಿಗ್ರಿ ಓರೆಗೆ ಕಡಿದರೆ ಕಾಲು ಭಾಗ ಭೂಮಿ ಆ ಓರೆಗೇ ಹೋಗುತ್ತದೆ. ಅಡಿಯ ಸತ್ವವಿಲ್ಲದ ಮಣ್ಣು ಮೇಲೆ ಬರುತ್ತದೆ, ಮೊದಲ ಕೆಲವು ವರ್ಷ ಇಳುವರಿ ಕಡಿಮೆ. ಸಾಲ ಮಾಡಿ ಇದನ್ನು ಮಾಡಿಸಿದರೆ ಬಡ್ಡಿ ಮೊದಲು ಬರುತ್ತದೆ, ಲಾಭ ಆಮೇಲೆ. ಸಣ್ಣ ರೈತರು ಹಿಂಜರಿಯುವುದು ಇದಕ್ಕೇ, ಮಣ್ಣಿನ ಮೇಲೆ ಪ್ರೀತಿ ಇಲ್ಲದೆ ಅಲ್ಲ.

ಹಾಗಾಗಿ ಮೊದಲ ವರ್ಷವೇ ಏನಾದರೂ ಕೊಡುವ ಕೆಲಸದಿಂದ ಶುರು ಮಾಡಿ. ಇಳಿಜಾರಿಗೆ ಅಡ್ಡಲಾಗಿ ಬದು, ಬದುವಿನ ಮೇಲೆ ನೇಪಿಯರ್ ಹುಲ್ಲು. ಹಸು ಇದ್ದರೆ ಮೇವಿನ ದುಡ್ಡು ಉಳಿಯುತ್ತದೆ. ಇಲ್ಲದಿದ್ದರೆ ಲಾವಂಚ ನೆಡಿ. ಗುಂಡ್ಲುಪೇಟೆ ಕಡೆ ರೈತರು ಅದನ್ನು ಹೊಲದ ಗಡಿಗೆ ತಲೆಮಾರುಗಳಿಂದ ಬೆಳೆಸಿಕೊಂಡು ಬಂದಿದ್ದಾರೆ, ಪುಸ್ತಕದ ಉಪದೇಶ ಕೇಳಿ ಅಲ್ಲ. ಒಂದು ಎಚ್ಚರ: ಬೇರಿಗೆ ರೇಟು ಇದೆ ಅಂತ ಬದುವಿನ ಲಾವಂಚ ಕಿತ್ತರೆ ಮಣ್ಣು ಸಡಿಲವಾಗಿ ಇದ್ದದ್ದೂ ಹೋಗುತ್ತದೆ. ಕಾಫಿ ಇರುವ ಕಡೆ ಸಾಲಿನ ನಡುವೆ ತೊಟ್ಟಿಲು ಗುಂಡಿ, ಅಂದರೆ ಹರಿಯುವ ನೀರು-ಮಣ್ಣು ತಡೆಯುವ ಸಣ್ಣ ಗುಂಡಿ ಸಾಕು.

ಇನ್ನು ಶುಂಠಿ. ನಿಜವಾದ ಸೋರಿಕೆ ಅಲ್ಲೇ ಅಲ್ವಾ? ನೀರು ನಿಂತರೆ ಕೊಳೆ ರೋಗ ಅಂತ ಪಟ್ಟೆಗಳನ್ನು (ಶುಂಠಿ ನೆಡುವ ಏರುಮಡಿಗಳನ್ನು) ನೇರ ಇಳಿಜಾರಿಗೆ ಎಳೆಯುತ್ತಾರೆ, ಮಳೆ ಮುಗಿದ ಮೇಲೆ ಇಡೀ ನೆಲ ಅಗೆದು ಗೆಡ್ಡೆ ತೆಗೆಯುತ್ತಾರೆ. ಮುಂದಿನ ವರ್ಷ ಗುತ್ತಿಗೆದಾರ ಬೇರೆ ಜಾಗಕ್ಕೆ ಹೋಗುತ್ತಾನೆ, ಅವನಿಗೆ ನಿಮ್ಮ ಮಣ್ಣಿನಿಂದ ಆಗಬೇಕಾದ್ದೇನೂ ಇಲ್ಲ. ಕರಾರಿನಲ್ಲೇ ಬರೆಸಿ: ಪಟ್ಟೆ ಅಡ್ಡಕ್ಕೆ, ನೀರು ನಿಧಾನಕ್ಕೆ ಬಸಿಯುವಷ್ಟೇ ಓರೆ. ಸೊಪ್ಪಿನ ಮುಚ್ಚಿಗೆ ಕಡ್ಡಾಯ. ಗೆಡ್ಡೆ ತೆಗೆದ ಮೇಲೆ ನೆಲ ಮುಚ್ಚುವ ಬೆಳೆ ಬಿತ್ತಿಕೊಡಬೇಕು. ಒಪ್ಪದಿದ್ದರೆ ಗುತ್ತಿಗೆ ರೇಟು ಏರಿಸಿ, ಆ ದುಡ್ಡನ್ನು ಬದುವಿಗೆ ಹಾಕಿ.

ಪ್ರಶ್ನೆ: ಕಡಿದಾದ ಗುಡ್ಡದ ತೋಟದಲ್ಲಿ ದೊಡ್ಡ ಇಂಗುಗುಂಡಿ ತೋಡಿಸಬಹುದಾ?
– ಓದುಗರು, ಮಡಿಕೇರಿ ತಾಲ್ಲೂಕು

ಉತ್ತರ: ಬೇಡ. ಬಯಲುಸೀಮೆಗೆ ಒಳ್ಳೆಯ ಉಪಾಯ ಅದು. 2018ರ ಆಗಸ್ಟ್‌ನಲ್ಲಿ ನಿಮ್ಮ ಜಿಲ್ಲೆಯ ಗುಡ್ಡಗಳು ಕುಸಿದದ್ದು ನೆನಪಿದೆಯಲ್ಲ. ಅಂಥ ಮಳೆಯಲ್ಲಿ ಕಡಿದಾದ ಇಳಿಜಾರಿನೊಳಗೆ ನೀರು ತುಂಬಿಸುವುದು ಅಪಾಯ. ಹುಲ್ಲು ಬೆಳೆಸಿದ ಬಸಿಗಾಲುವೆಯಲ್ಲಿ ನೀರನ್ನು ನಿಧಾನವಾಗಿ ಹೊರಗೆ ಕಳಿಸಿ. ನೆಲದಲ್ಲಿ ಹೊಸ ಬಿರುಕು ಕಂಡರೆ ಅಗೆಯುವುದು ನಿಲ್ಲಿಸಿ, ಕೆಳಗಿನ ಮನೆಯವರಿಗೆ ಅವತ್ತೇ ಹೇಳಿ.