16ರ ಹುಡುಗಿಗೆ ಮದುವೆ ಗೊತ್ತಾಗಿದೆ: ಮುಚ್ಚಳಿಕೆ ಬರೆಸಿದರೆ ಸಾಕೆ?

ನಿಮ್ಮ ದೊಡ್ಡಪ್ಪನ ಮೊಮ್ಮಗಳಿಗೆ ಇನ್ನೂ 16. ಮಂಡ್ಯ ಜಿಲ್ಲೆಯ ಅವರ ಊರಲ್ಲಿ ಮುಂದಿನ ತಿಂಗಳು ಮದುವೆ ಗೊತ್ತಾಗಿದೆ. ದೂರು ಕೊಟ್ಟರೆ ನಮ್ಮ ಹೆಸರು ಆಚೆ ಬರುತ್ತದೆಯೇ, ಅಧಿಕಾರಿಗಳು ಬಂದು ಬುದ್ಧಿ ಹೇಳಿ ಹೋದ ಮೇಲೆ ಮನೆಯವರು ಗುಟ್ಟಾಗಿ ತಾಳಿ ಕಟ್ಟಿಸಿಬಿಟ್ಟರೆ ಏನು ಗತಿ ಎಂದು ಕೇಳಿದ್ದೀರಿ. ನಾನು ಮಳವಳ್ಳಿ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಟೀಚರ್. ಇಂಥ ಮದುವೆಗಳು ನಿಂತಿದ್ದನ್ನೂ ನೋಡಿದ್ದೇನೆ, ನಿಂತಂತೆ ಕಂಡು ನಡೆದುಹೋದದ್ದನ್ನೂ ನೋಡಿದ್ದೇನೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ದುಡ್ಡಿಲ್ಲ, ದಿನದ 24 ಗಂಟೆಯೂ ಎತ್ತುತ್ತಾರೆ, ನಿಮ್ಮ ಹೆಸರು ಹೇಳಲೇಬೇಕೆಂದಿಲ್ಲ. 112 ಆದರೂ ಆಗುತ್ತದೆ. ಹುಡುಗಿಯ ಹೆಸರು, ಊರು, ಓದುತ್ತಿದ್ದ ಶಾಲೆ, ಗಂಡಿನ ಕಡೆಯ ಊರು, ಮುಹೂರ್ತದ ದಿನ, ಇಷ್ಟನ್ನು ಹೇಳಿ. ಲಗ್ನಪತ್ರಿಕೆಯ ಫೋಟೋ ಸಿಕ್ಕರೆ ಇಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ನಿಮ್ಮ ಎರಡನೇ ಭಯವೇ ನಿಜವಾದ ಭಯ. ನಮ್ಮ ಕಡೆ ಹೆಚ್ಚಾಗಿ ಆಗುವುದು ಹೀಗೆ: ಸಿಡಿಪಿಒ (ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯವರು, ಅಂಗನವಾಡಿ ಮೇಲ್ವಿಚಾರಕಿ, ಪೊಲೀಸರು ಮನೆಗೆ ಬರುತ್ತಾರೆ. ಚಪ್ಪರ ಹಾಕಿದ್ದರೆ ಬಿಚ್ಚಿಸುತ್ತಾರೆ. ಬಿಳಿ ಹಾಳೆಯ ಮೇಲೆ '18 ತುಂಬುವವರೆಗೆ ಮದುವೆ ಮಾಡುವುದಿಲ್ಲ' ಎಂದು ಮುಚ್ಚಳಿಕೆ ಬರೆಸಿ, ಅಪ್ಪನ ಸಹಿ, ಅಜ್ಜಿಯ ಹೆಬ್ಬೆಟ್ಟು, ಊರಿನ ಇಬ್ಬರ ಸಾಕ್ಷಿ ಹಾಕಿಸಿಕೊಂಡು ಹೊರಡುತ್ತಾರೆ. ಮುಚ್ಚಳಿಕೆ ಫೈಲಿಗೆ ಸೇರುತ್ತದೆ. ನಮ್ಮ ಶಾಲೆಯ ಒಬ್ಬ ಹುಡುಗಿಯ ಮನೆಯಲ್ಲಿ ಹೀಗೇ ಬರೆಸಿದ್ದರು. ರಜೆ ಮುಗಿದು ಶಾಲೆಗೆ ಬಂದವಳು ಕಾಲನ್ನು ಬೆಂಚಿನ ಕೆಳಗೆ ಒಳಕ್ಕೆ ಎಳೆದುಕೊಂಡು ಕೂರುತ್ತಿದ್ದಳು. ಒಂದು ದಿನ ಪ್ರಾರ್ಥನೆಗೆ ಚಪ್ಪಲಿ ಬಿಟ್ಟು ನಿಂತಾಗ ಕಂಡಿತು, ಎರಡೂ ಕಾಲಲ್ಲಿ ಕಾಲುಂಗುರ. ಪಕ್ಕದ ತಾಲ್ಲೂಕಿನ ನೆಂಟರ ಮನೆಯಲ್ಲಿ ಬೆಳಗಿನ ಜಾವ ಧಾರೆ ಎರೆದು ಮುಗಿಸಿದ್ದರು. ಆಮೇಲೆ ಕೆಲವೇ ದಿನ ಬಂದಳು.

ಆದ್ದರಿಂದ ಮುಚ್ಚಳಿಕೆಗೆ ಸಮಾಧಾನಪಡಬೇಡಿ, ತಡೆಯಾಜ್ಞೆ ಕೇಳಿ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ 13ನೇ ಸೆಕ್ಷನ್ ಇರುವುದೇ ಇದಕ್ಕೆ. ಬಾಲ್ಯವಿವಾಹ ನಿಷೇಧಾಧಿಕಾರಿ (ಸಿಡಿಪಿಒ ಅವರೂ ಅವರಲ್ಲೊಬ್ಬರು) ಜೆಎಂಎಫ್‌ಸಿ, ಅಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬಹುದು. ಖಚಿತ ಮಾಹಿತಿ ಇರುವ ಯಾರು ಬೇಕಾದರೂ ದೂರು ಕೊಡಬಹುದು. ತುರ್ತು ಇದ್ದರೆ ಎದುರಿನವರಿಗೆ ನೋಟಿಸು ಕೊಡದೆಯೇ ಮಧ್ಯಂತರ ಆಜ್ಞೆ ಕೊಡಲು ಕೋರ್ಟಿಗೆ ಅಧಿಕಾರವಿದೆ. ಆಜ್ಞೆ ಗೊತ್ತಿದ್ದೂ ಮೀರಿದರೆ ಅದೇ ಬೇರೆ ಅಪರಾಧ, 2 ವರ್ಷದವರೆಗೆ ಜೈಲು ಇಲ್ಲವೇ 1 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಹೆಣ್ಣಿನ ಅಪ್ಪ ಬಗ್ಗದಿದ್ದರೂ ಕೋರ್ಟಿನ ಕಾಗದ ಗಂಡಿನ ಮನೆಗೆ ತಲುಪಿದರೆ ಬೀಗರೇ ಹಿಂದೆ ಸರಿಯುತ್ತಾರೆ. 1098ಕ್ಕೆ ಹೇಳುವಾಗಲೇ ಸಿಡಿಪಿಒ ಅವರಿಗೂ ಲಿಖಿತವಾಗಿ ಒಂದು ಅರ್ಜಿ ಕೊಟ್ಟು, '13ನೇ ಸೆಕ್ಷನ್ನಿನಡಿ ತಡೆಯಾಜ್ಞೆ ತನ್ನಿ' ಎಂದು ಅದರಲ್ಲಿ ಬರೆಯಿರಿ. ಹೆಸರು ಹಾಕಲು ಹಿಂಜರಿಕೆಯಿದ್ದರೆ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಕೊಡಿಸಿ.

ವಯಸ್ಸಿನ ಬಗ್ಗೆ ಮನೆಯವರು ತಕರಾರು ತೆಗೆಯುತ್ತಾರೆ. 'ಸ್ಕೂಲಿಗೆ ಸೇರಿಸೋವಾಗ ಕಮ್ಮಿ ಬರೆಸಿದ್ವಿ, ಆಧಾರ್‌ನಲ್ಲಿ ನೋಡಿ' ಎನ್ನುತ್ತಾರೆ. ಬಾಲನ್ಯಾಯ ಕಾಯ್ದೆಯ 94ನೇ ಸೆಕ್ಷನ್ ಪ್ರಕಾರ ಮೊದಲು ನೋಡಬೇಕಾದ್ದು ಶಾಲೆಯ ಜನ್ಮದಿನಾಂಕದ ದಾಖಲೆ ಅಥವಾ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್. ಅದಿಲ್ಲದಿದ್ದರೆ ಪಂಚಾಯಿತಿ, ಪುರಸಭೆಯ ಜನನ ಪ್ರಮಾಣಪತ್ರ. ಆಧಾರ್ ಆ ಪಟ್ಟಿಯಲ್ಲೇ ಇಲ್ಲ.

ಒಂದು ವೇಳೆ ಮದುವೆ ಆಗಿಯೇ ಹೋದರೆ? 'ಆಗಿದ್ದು ಆಗೋಯ್ತು, ಇನ್ನು ಹುಡುಗಿ ಬಾಳು ಹಾಳು ಮಾಡ್ಬೇಡಿ' ಎಂದು ಊರಿನ ಯಜಮಾನರು ಪಂಚಾಯಿತಿಗೆ ಕೂರುತ್ತಾರೆ. ಒಪ್ಪಬೇಡಿ. ಕೇಂದ್ರದ ಕಾಯ್ದೆಯಲ್ಲಿ ಇಂಥ ಮದುವೆಯನ್ನು ಹುಡುಗಿಯೇ ಕೋರ್ಟಿಗೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು. ಆದರೆ ಕರ್ನಾಟಕ 2016ರ ತಿದ್ದುಪಡಿಯಿಂದ, ಅದು ಜಾರಿಯಾದ ಮೇಲೆ ನಡೆದ ಬಾಲ್ಯವಿವಾಹವೆಲ್ಲ ಮೊದಲಿಂದಲೇ ಅಸಿಂಧು ಎಂದು ಮಾಡಿದೆ. ತಾಳಿ ಕಟ್ಟಿದರೂ ಕಾನೂನಿನ ಕಣ್ಣಲ್ಲಿ ಅದು ಮದುವೆಯಲ್ಲ. 2017ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಹೆಂಡತಿಯೇ ಆದರೂ 18ರೊಳಗಿನವಳ ಜೊತೆ ದೈಹಿಕ ಸಂಪರ್ಕ ಅತ್ಯಾಚಾರವೇ ಎಂದು ಹೇಳಿತು. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಪೋಕ್ಸೊ ಕಾಯ್ದೆ ಕೂಡ ಬರುತ್ತದೆ. ಈ ಕೇಸಿನ ಭಯಕ್ಕೆ ಬಸುರಿ ಹುಡುಗಿಯನ್ನು ಆಸ್ಪತ್ರೆಗೇ ಕರೆದೊಯ್ಯದೆ, ತಾಯಿ ಕಾರ್ಡ್ ಮಾಡಿಸದೆ ಮನೆಯಲ್ಲಿ ಬಚ್ಚಿಡುವವರಿದ್ದಾರೆ. ಅದು ಅವಳ ಜೀವಕ್ಕೇ ಸಂಚಕಾರ. ಕೇಸು ಏನಾದರೂ ಆಗಲಿ, ಮೊದಲು ಆಸ್ಪತ್ರೆ. ವಕೀಲರ ಖರ್ಚಿಗೆ ಹೆದರಬೇಕಿಲ್ಲ, ಹೆಣ್ಣುಮಕ್ಕಳಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.

ಮೈಸೂರು ಸಂಸ್ಥಾನ 8 ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿದ್ದು 1894ರಲ್ಲಿ, ಬ್ರಿಟಿಷ್ ಭಾರತದ 1929ರ ಬಾಲ್ಯವಿವಾಹ ತಡೆ ಕಾಯ್ದೆಗೆ (ಶಾರದಾ ಕಾಯ್ದೆ) 35 ವರ್ಷ ಮೊದಲು. ಪಾಠ ಮಾಡುವಾಗ ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಅದೇ ನಾಡಿನಲ್ಲಿ, 20ರಿಂದ 24 ವಯಸ್ಸಿನ ಹೆಂಗಸರ ಪೈಕಿ 18 ತುಂಬುವ ಮೊದಲೇ ಮದುವೆಯಾದವರು ನಾಲ್ಕನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ (2015-16) ಶೇ. 21.4, ಐದನೆಯದರಲ್ಲಿ (2019-21) ಶೇ. 21.3. ಅಷ್ಟು ವರ್ಷಕ್ಕೆ ಕದಲಿದ್ದು ಅಷ್ಟೆ ಎಂದರೆ ಹೊಟ್ಟೆ ಉರಿಯುತ್ತದೆ.

ಹೆತ್ತವರನ್ನು ರಾಕ್ಷಸರೆಂದು ನಾನು ಅಂದುಕೊಂಡಿಲ್ಲ. 'ಅಜ್ಜಿ ಹಾಸಿಗೆ ಹಿಡಿದವ್ಳೆ, ಕಣ್ಣು ಮುಚ್ಚೋದ್ರೊಳಗೆ ನೋಡ್ಲಿ', 'ಸೋದರಮಾವನೇ ಬತ್ತೀನಿ ಅಂತವ್ನೆ, ವರದಕ್ಷಿಣೆ ಇಲ್ಲ', 'ಯಾರ ಜೊತೆಲಾದ್ರೂ ಓಡೋದ್ರೆ ಮಾನ ಹೋಯ್ತದೆ'. ನಾನು ಕೇಳುವುದು ಈ ಮಾತುಗಳನ್ನೇ. ಕಬ್ಬಿನ ಬಿಲ್ಲು ಬಂದ ಕೈಯಲ್ಲೇ ಒಂದು ಖರ್ಚು ಮುಗಿಸಿಬಿಡೋಣ ಎಂಬ ಲೆಕ್ಕವೂ ಇರುತ್ತದೆ. ಹತ್ತನೇ ತರಗತಿ ಮುಗಿದು ಪಿಯುಸಿ ಸೇರುವುದರೊಳಗಿನ ಎರಡು ತಿಂಗಳಲ್ಲೇ ಈ ಮಾತುಗಳಿಗೆಲ್ಲ ಬಲ ಬರುವುದು. ಕಾಲೇಜು ದೂರ, ಸಂಜೆ ಬಸ್ಸಿಲ್ಲ, ಹುಡುಗಿ ಮನೆಯಲ್ಲೇ ಇದ್ದಾಳೆ.

ಹಾಗಾಗಿ ಮದುವೆ ನಿಂತ ಮರುದಿನದಿಂದ ನಿಮ್ಮ ಕೆಲಸ ಬೇರೆ. ಹುಡುಗಿಯನ್ನು ಮನೆಯಲ್ಲಿ ಬೈದು ಹೊಡೆಯುವ ಸೂಚನೆ ಕಂಡರೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಿ. ಮದುವೆಯ ಅಪಾಯದಲ್ಲಿರುವ ಮಗು ಪೋಷಣೆ ಮತ್ತು ರಕ್ಷಣೆ ಬೇಕಾದ ಮಗು ಎಂದೇ ಬಾಲನ್ಯಾಯ ಕಾಯ್ದೆ ಹೇಳುತ್ತದೆ, ಬಾಲಮಂದಿರದಲ್ಲಿ ಇರಿಸಬಹುದು. ಹಾಗೇನೂ ಇಲ್ಲದಿದ್ದರೆ ಹಾಸ್ಟೆಲ್ ಸೀಟು ನೋಡಿ. ಹಿಂದುಳಿದ ವರ್ಗಗಳ, ಸಮಾಜ ಕಲ್ಯಾಣ ಇಲಾಖೆಯ ಬಾಲಕಿಯರ ಹಾಸ್ಟೆಲ್‌ಗಳಿವೆ. ಅರ್ಜಿಗೆ ಜಾತಿ, ಆದಾಯ ಪ್ರಮಾಣಪತ್ರ ಬೇಕು, ನಾಡಕಚೇರಿಯಲ್ಲಿ ಈಗಲೇ ಮಾಡಿಸಿಡಿ. ಎಸ್ಸೆಸ್ಸೆಲ್ಸಿಯಲ್ಲಿ ಒಂದೆರಡು ವಿಷಯ ಹೋಗಿದ್ದರೆ ಮರುಪರೀಕ್ಷೆಗೆ ಕಟ್ಟಿಸಿ. ಅವಳು ಯಾವ ತಾಲ್ಲೂಕಿನವಳು, ಯಾವ ತರಗತಿಯಲ್ಲಿದ್ದಾಳೆ ಎಂದಷ್ಟೇ ಕೆಳಗೆ ಬರೆಯಿರಿ, ಹೆಸರು ಬೇಡ. ಅರ್ಜಿ ಹೇಗಿರಬೇಕೆಂದು ಬರೆದು ಹಾಕುತ್ತೇನೆ.