ಡಬ್ಬದ ಲೆಕ್ಕ ಬರೆದಿದ್ದ ನೋಟ್ ಎಲ್ಲಿ ಹೋಯ್ತು?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಅಡಿಕೆ ಸುಲಿಯುವವರಲ್ಲಿ ಯಾರು ಎಷ್ಟು ಡಬ್ಬ ಸುಲಿದರು ಅನ್ನುವ ಲೆಕ್ಕ, ಮರ ಹತ್ತಿ ಗೊನೆ ಇಳಿಸುವ ಕೊನೆಗಾರರಿಗೆ ಕೊಟ್ಟ ಮುಂಗಡ ಎಲ್ಲವನ್ನೂ ಗೂಗಲ್ ಕೀಪ್‌ನಲ್ಲಿ ಬರೆದಿಡುತ್ತೇನೆ. ಮೂರು ದಿನದಿಂದ ಆ ನೋಟ್ ಕಾಣುತ್ತಿಲ್ಲ. ‘ಅಡಿಕೆ’ ಅಂತ ಹುಡುಕಿದರೂ ಸಿಗಲಿಲ್ಲ. ಆ್ಯಪ್ ತೆಗೆದು ಮತ್ತೆ ಹಾಕೋಣ ಅಂತಾನೆ ಮಗ. ಹಾಗೆ ಮಾಡಬಹುದಾ?

ಉತ್ತರ: ಬೇಡವೇ ಬೇಡ. ನಿಮ್ಮ ಪತ್ರ ಬಂದ ದಿನವೇ ಫೋನ್ ಮಾಡಿ ಇಷ್ಟನ್ನು ಹೇಳಿದ್ದೆ. ಉಳಿದವರಿಗೂ ಉಪಯೋಗವಾಗಲಿ ಅಂತ ಕಾರಣವನ್ನು ಇಲ್ಲಿ ಬರೆಯುತ್ತಿದ್ದೇನೆ.

ತೋಟದಲ್ಲಿ ನಿಂತು ಬರೆದ ನೋಟ್ ಮೊದಲು ಫೋನಿನಲ್ಲೇ ಕೂತಿರುತ್ತದೆ. ಸಿಗ್ನಲ್ ಸಿಕ್ಕ ಮೇಲೆ ಗೂಗಲ್ ಖಾತೆಗೆ ಹೋಗುತ್ತದೆ. ನಮ್ಮ ಕಡೆ ಸಿಗ್ನಲ್ ಕಥೆ ಗೊತ್ತೇ ಇದೆಯಲ್ಲ, ಗುಡ್ಡ ಹತ್ತಿದರೆ ಉಂಟು, ಅಂಗಳಕ್ಕಿಳಿದರೆ ಇಲ್ಲ. ಖಾತೆಗೆ ಹೋಗುವ ಮೊದಲೇ ಆ್ಯಪ್ ತೆಗೆದರೆ ಬರೆದದ್ದೂ ಅದರ ಜೊತೆಗೇ ಹೋಯಿತು. ಆಮೇಲೆ ಯಾರಿಂದಲೂ ತರಿಸಲು ಆಗುವುದಿಲ್ಲ.

ನನಗೆ ಮೊದಲ ಅನುಮಾನ ಆರ್ಕೈವ್ ಮೇಲೆ, ಅಂದರೆ ನೋಟನ್ನು ಅಳಿಸದೆ ಬೇರೆಯಾಗಿ ತೆಗೆದಿಡುವ ಜಾಗದ ಮೇಲೆ. ಕೀಪ್‌ನಲ್ಲಿ ನೋಟನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದರೆ ಸಾಕು, ಅದು ಆರ್ಕೈವ್‌ಗೆ ಹೋಗಿಬಿಡುತ್ತದೆ. ಸುಲಿಯುವ ಚಪ್ಪರದಲ್ಲಿ ಒದ್ದೆ ಕೈಯಲ್ಲಿ ಫೋನ್ ಹಿಡಿದರೆ ಇದು ಆಗುವುದು ಜಾಸ್ತಿ. ಎಡ ಮೂಲೆಯ ಮೂರು ಗೆರೆ ಒತ್ತಿ, ಆರ್ಕೈವ್ ತೆರೆಯಿರಿ.

ಆರ್ಕೈವ್‌ನಲ್ಲಿರುವುದೂ ಹುಡುಕಾಟಕ್ಕೆ ಸಿಗಬೇಕಲ್ವಾ? ಸಿಗಬೇಕು. ಆದರೆ ನೀವು ಬರೆಯುವಾಗ ‘ಅಡಿಕೆ’ ಅಂತಲೇ ಬರೆದಿದ್ದಿರಾ, ಇಲ್ಲ ಬಾಯಲ್ಲಿ ಬರುವ ಹಾಗೆ ‘ಅಡಕೆ’ ಅಂತಲಾ? ಯಂತ್ರಕ್ಕೆ ಅವೆರಡೂ ಬೇರೆ ಪದ. ನಮ್ಮ ಮನೆಯಲ್ಲೇ ಒಂದೇ ಪಟ್ಟಿಯಲ್ಲಿ ಎರಡೂ ಇರುತ್ತವೆ! ‘ಡಬ್ಬ’ ಅಂತಲೋ, ಸುಲಿಯಲು ಬರುವವರ ಹೆಸರು ಹಾಕಿಯೋ ಹುಡುಕಿ ನೋಡಿ.

ಅಲ್ಲೂ ಇಲ್ಲದಿದ್ದರೆ ಟ್ರ್ಯಾಶ್ ನೋಡಿ. ಇಲ್ಲಿ ಮಾತ್ರ ತಡ ಮಾಡಬೇಡಿ. ಕೀಪ್ ಅಳಿಸಿದ ನೋಟನ್ನು 7 ದಿನ ಮಾತ್ರ ಇಟ್ಟುಕೊಳ್ಳುತ್ತದೆ. ನಿಮ್ಮದು ಕಾಣೆಯಾಗಿ ಮೂರು ದಿನವಾಗಿದೆ, ಅಂದರೆ ಇನ್ನು ನಾಲ್ಕೇ ದಿನ. ನೋಟ್ ಸಿಕ್ಕರೆ ಅದರ ಮೇಲೆ ಬೆರಳು ಒತ್ತಿ ಹಿಡಿದು ‘ರಿಸ್ಟೋರ್’ ಕೊಡಿ. ಆ್ಯಪಲ್ ನೋಟ್ಸ್ ಬಳಸುವವರಿಗೆ ಸುಮಾರು 30 ದಿನ ಸಿಗುತ್ತದೆ, ಒನ್‌ನೋಟ್‌ನವರಿಗೆ 60.

ಇನ್ನೊಂದು ಮಾತು. ಮೇಲಿನ ಬಲ ಮೂಲೆಯ ಚಿತ್ರ ಒತ್ತಿ, ಯಾರ ಖಾತೆ ತೆರೆದಿದೆ ನೋಡಿ. ಮಗ ತನ್ನ ಜಿಮೇಲ್ ಹಾಕಿ ಹಾಗೇ ಬಿಟ್ಟಿದ್ದರೆ ನಿಮ್ಮ ನೋಟ್ ಹೇಗೆ ಕಂಡೀತು? ಆ ನೋಟ್ ಅವನೇ ಮಾಡಿ ನಿಮಗೆ ಹಂಚಿದ್ದಾಗಿದ್ದರೆ, ಅವನು ಅಳಿಸಿದರೆ ನಿಮ್ಮಲ್ಲೂ ಹೋಗುತ್ತದೆ. ಆಗ ಹುಡುಕಬೇಕಾದದ್ದು ಅವನ ಟ್ರ್ಯಾಶ್‌ನಲ್ಲಿ.

ಕೊನೆಗೆ ಯಾರದಾದರೂ ಕಂಪ್ಯೂಟರಿನಲ್ಲಿ ನಿಮ್ಮ ಖಾತೆಯಿಂದ ಕೀಪ್ ತೆರೆಯಿರಿ. ಅಲ್ಲಿ ಕಂಡರೆ ನೋಟ್ ಖಾತೆಯಲ್ಲಿ ಭದ್ರವಾಗಿದೆ, ಆಮೇಲೆ ಮಗ ಹೇಳಿದಂತೆ ಮಾಡಿಕೊಳ್ಳಲಿ. ಸಿಕ್ಕ ತಕ್ಷಣ ಅದನ್ನು ಪಿನ್ ಮಾಡಿ, ಆಗ ಅದು ಯಾವಾಗಲೂ ಎಲ್ಲಕ್ಕಿಂತ ಮೇಲೆ ಕಾಣುತ್ತದೆ. ಪ್ರತಿ ಬಟವಾಡೆಯ ಹಿಂದಿನ ದಿನ ಅಷ್ಟನ್ನೂ ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಿ.